ತುಂಬಾ ವರ್ಷದ ಮೇಲೆ ಪಾಪನಿವೇದನೆಗೆ ಹೋದವರು ದಯವಿಟ್ಟು ಅನುಭವ ಹೇಳಿ

ಕಪಿಲೆ ತೀರದವಳು:
ನಾನು ಕಥೋಲಿಕ ಮನೆಯವಳು, ಮೈಸೂರು ಧರ್ಮಕ್ಷೇತ್ರದ (ಮೈಸೂರು ಬಿಷಪರ ವ್ಯಾಪ್ತಿಯ) ಒಂದು ಹಳ್ಳಿಯವಳು, ಈಗ ಬೆಂಗಳೂರಲ್ಲಿದ್ದೇನೆ. 2011ರಲ್ಲಿ ಮನೆಯವರ ವಿರೋಧ ಕಟ್ಟಿಕೊಂಡು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾದೆ. ಗಂಡ ಹಿಂದೂ, ಒಳ್ಳೆಯವರು. ಚರ್ಚಿನ ಲೆಕ್ಕದಲ್ಲಿ ಅದು ಮದುವೆಯಲ್ಲವಲ್ಲ, ಅಂದಿನಿಂದ ಫಾದರ್ ಮುಂದೆ ಪಾಪ ಹೇಳಿಕೊಂಡು ಕ್ಷಮೆ ಪಡೆಯುವ ಪಾಪನಿವೇದನೆ ಇಲ್ಲ, ಪೂಜೆಯಲ್ಲಿ ಕೊಡುವ ಪರಮಪ್ರಸಾದ ಇಲ್ಲ. ಈ ವರ್ಷ ಅಮ್ಮ ತೀರಿಕೊಂಡರು. ಮಣ್ಣಿನ ದಿನದ ಪೂಜೆಯಲ್ಲಿ ಅಕ್ಕ, ತಮ್ಮಂದಿರು ಎಲ್ಲ ಎದ್ದು ಪ್ರಸಾದಕ್ಕೆ ಹೋದರು, ನಾನು ಬೆಂಚಿನಲ್ಲೇ ಕೂತಿದ್ದೆ. ಆಮೇಲಿಂದ ನಿದ್ದೆ ಸರಿಯಿಲ್ಲ. ವಾಪಸ್ ಬರಬೇಕು ಅಂತ ಮನಸ್ಸು ಎಳೆಯುತ್ತಿದೆ. ಗಂಡ ಬೇಡ ಅನ್ನುವುದಿಲ್ಲ, ಆದರೆ "ಚರ್ಚಿಗೆ ಬಂದು ಇನ್ನೊಂದು ಸಲ ಮದುವೆ ಆಗಲ್ಲ, ಆಗಿರೋದು ಸುಳ್ಳಾ ಹಾಗಾದ್ರೆ?" ಅಂತ ಕೇಳುತ್ತಾರೆ. ಮೊದಲು ಪಾಪನಿವೇದನೆಯೋ, ಮದುವೆ ಸರಿಮಾಡಿಕೊಳ್ಳುವುದೋ? ಊರಿನ ಫಾದರ್ ಹತ್ತಿರ ಹೋಗಲಾ, ಗುರುತಿಲ್ಲದ ಕಡೆ ಹೋಗಲಾ? ನಿಮಗೆ ಹೇಗಾಯಿತು ಹೇಳಿ.

ಕೋಲಾರದ ಅಕ್ಕ:
ಗುರುತಿಲ್ಲದ ಕಡೆ ಹೋಗು ತಂಗಿ. ನಾನು ಹಾಗೇ ಮಾಡಿದ್ದು. ನನ್ನದು ಮದುವೆ ವಿಷಯ ಅಲ್ಲ. ಅಪ್ಪ ಸತ್ತಾಗ ನಮ್ಮ ಚರ್ಚಿನ ಕಮಿಟಿಯವನೊಬ್ಬ ವಂತಿಗೆ ಬಾಕಿ ಇದೆ, ಅದು ಕಟ್ಟಿದರೇ ಸಮಾಧಿ ಜಾಗದ ಚೀಟಿ ಅಂದ. 4,800 ರೂಪಾಯಿ. ಅಪ್ಪನ ಹೆಣ ಹಜಾರದಲ್ಲಿ, ನಾನು ಎಟಿಎಂ ಹುಡುಕಿಕೊಂಡು ಬೀದಿಯಲ್ಲಿ. ಒಂದರಲ್ಲಿ ದುಡ್ಡಿಲ್ಲ, ಇನ್ನೊಂದು ಕೆಟ್ಟಿತ್ತು, ಕೊನೆಗೆ ಪಕ್ಕದ ಮನೆ ಸಾಬರ ಹತ್ತಿರ ಕೈಸಾಲ ತಂದು ಕಟ್ಟಿದೆ. ಪೆಟ್ಟಿಗೆಗೆ 9,000 ಆಯಿತು, ಹೂವಿಗೆ 1,200, ಶಿಲುಬೆ ಕೆತ್ತಿಸಲು ಬೇರೆ. ಅದ್ಯಾವುದೂ ಮನಸ್ಸಲ್ಲಿ ಉಳಿದಿಲ್ಲ. ಆ 4,800 ಮಾತ್ರ ಇವತ್ತಿಗೂ ಉರಿಯುತ್ತದೆ. ರಸೀದಿ ಇನ್ನೂ ಇಟ್ಟುಕೊಂಡಿದ್ದೇನೆ.

ಅವತ್ತೇ ಚರ್ಚು ಬಿಟ್ಟೆ. ಮಗಳ ಪ್ರಥಮ ಪರಮಪ್ರಸಾದ ಕೂಡ ಮುಂದೆ ಹಾಕುತ್ತಾ ಬಂದೆ. ಆಮೇಲೆ ಒಂದು ತಪಸ್ಸುಕಾಲದಲ್ಲಿ (ಈಸ್ಟರ್ ಮುಂಚಿನ ಉಪವಾಸದ ದಿನಗಳು) ಶಿವಾಜಿನಗರದ ಬೆಸಿಲಿಕಾಕ್ಕೆ ಸುಮ್ನೆ ಮೊಂಬತ್ತಿ ಹಚ್ಚಲು ಹೋದವಳು ಪಾಪನಿವೇದನೆ ಸಾಲು ನೋಡಿ ನಿಂತೆ. ಒಳಗೆ ಕೂತು ಆ ಕಮಿಟಿಯವನು ಮಾಡಿದ್ದೆಲ್ಲ ಒಂದೂ ಬಿಡದೆ ಹೇಳಿದೆ. ಫಾದರ್ ಪೂರ್ತಿ ಕೇಳಿ, "ಅಮ್ಮಾ, ಇದು ಅವನ ಪಾಪ. ನಿಮ್ಮದು ಹೇಳಿ" ಅಂದರು. ಸಿಟ್ಟು ಬಂತು. ಎದ್ದು ಹೋಗೋಣ ಅನ್ನಿಸಿತು. ಆದರೆ ಹಿಂದೆ ಅಷ್ಟು ಜನ ನಿಂತಿದ್ದರಲ್ಲ, ಕೂತೆ, ಹೇಳಿದೆ. ಪ್ರಾಯಶ್ಚಿತ್ತ ಏನು ಕೊಟ್ಟರು ಗೊತ್ತಾ? ಅವನ ಹೆಸರು ಹಿಡಿದು ಅವನಿಗೋಸ್ಕರ ಒಂದು ಜಪಮಾಲೆ. ಮೊದಲನೇ ರಹಸ್ಯ, ಅಂದರೆ ಮೊದಲ ಹತ್ತು ಮಣಿಯ ಭಾಗ, ಮುಗಿಸುವುದರಲ್ಲಿ ಬೆವರಿದೆ. ಆದರೆ ಮುಗಿಸಿದೆ ತಂಗಿ.

ಕೇಸ್ ಮುಗಿಸಿದವನು:
ಅಕ್ಕ ಹೇಳುವುದು ಸರಿ, ಆದರೆ ಇವರದು ಮದುವೆ ವಿಷಯ. ಮದುವೆ ವಿಷಯದಲ್ಲಿ ಕಾಗದ ಮೊದಲು. ನಾನು ಅನುಭವಿಸಿದವನು, ಪೂರ್ತಿ ಹೇಳುತ್ತೇನೆ.

ನನ್ನ ಹೆಂಡತಿ ಕೆಲವೇ ತಿಂಗಳಲ್ಲಿ ಬಿಟ್ಟು ಹೋದಳು. ಅಪ್ಪನ ಬಲವಂತಕ್ಕೆ ಪೀಠದ ಮುಂದೆ ಹೂಂ ಅಂದೆ ಅಂತ ಅವಳೇ ಬರೆದುಕೊಟ್ಟಳು. ಆ ಮದುವೆ ಅಸಿಂಧು ಅಂತ ತೀರ್ಪು ಕೊಡಿ ಎಂದು ಧರ್ಮಕ್ಷೇತ್ರದ ನ್ಯಾಯಪೀಠಕ್ಕೆ ಅರ್ಜಿ ಹಾಕಿದ್ದು 2012ರಲ್ಲಿ. ಫೀಸು ಎರಡು ಕಂತಿನಲ್ಲಿ 12,000. ಅದು ಹೋಗಲಿ. ಸಾಕ್ಷಿಗಳನ್ನು ಕರೆದುಕೊಂಡು ಬರುವ ಖರ್ಚು ಯಾರೂ ಹೇಳುವುದಿಲ್ಲ. ಚಿಕ್ಕಮ್ಮ ಮುಂಬೈಯಿಂದ ಬರಬೇಕು, ರೈಲು ಚಾರ್ಜು ನಾನೇ ಕೊಡಬೇಕು, ಬಂದ ದಿನ ಕೇಳುವ ಗುರುಗಳಿಗೆ ಜ್ವರ, ಲಾಡ್ಜಿನಲ್ಲಿ ದಿನಕ್ಕೆ 900. ಭಾವ ಒಂದು ದಿನದ ಸಂಬಳ ಹೋಯಿತು ಅಂತ ಇವತ್ತಿಗೂ ಅಂದಾಡುತ್ತಾನೆ. ಮದುವೆಯ ಬಂಧ ರಕ್ಷಿಸುವ ಗುರುಗಳು ಅಂತ ಒಬ್ಬರು ಇರುತ್ತಾರೆ, ಮದುವೆ ಸಿಂಧು ಅಂತ ವಾದ ಮಾಡುವುದೇ ಅವರ ಕೆಲಸ. ಅವರ ಪ್ರಶ್ನೆಗಳಿಗೆ ಉತ್ತರ ಬರೆಯುವುದರಲ್ಲೇ ಅರ್ಧ ಆಯಸ್ಸು ಹೋಯಿತು. ಮೊದಲನೇ ತೀರ್ಪು ನನ್ನ ಕಡೆ ಆಯಿತು. ಆಗಿನ ನಿಯಮದಂತೆ ಎರಡನೇ ಪೀಠವೂ ಅದನ್ನೇ ಹೇಳಬೇಕಿತ್ತು. ಪೋಪ್ ಫ್ರಾನ್ಸಿಸ್ ಆ ಎರಡನೇ ತೀರ್ಪು ಬೇಡ ಅಂದಿದ್ದು 2015ರ ಡಿಸೆಂಬರ್ 8ರಿಂದ ಜಾರಿಗೆ ಬಂತು. ನನ್ನ ಫೈಲು ಅಷ್ಟರಲ್ಲಿ ಎರಡನೇ ಪೀಠಕ್ಕೆ ಹೋಗಿಬಿಟ್ಟಿತ್ತು! ಇದರ ಜೊತೆಗೆ ಸರ್ಕಾರದ ಕೋರ್ಟಿನಲ್ಲಿ ಬೇರೆ ವಿಚ್ಛೇದನ, ವಕೀಲರಿಗೆ 60,000. ಚರ್ಚಿನ ತೀರ್ಪು ಕಾನೂನಿಗೆ ಲೆಕ್ಕಕ್ಕಿಲ್ಲ, 2017ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು.

ಇನ್ನೊಂದು ವಿಷಯಕ್ಕೆ ನನಗೆ ಇವತ್ತಿಗೂ ನೋವಿದೆ. ಅಷ್ಟೂ ವರ್ಷ ನಾನು ಪರಮಪ್ರಸಾದ ತೆಗೆದುಕೊಳ್ಳಲಿಲ್ಲ. ಗಂಡ ಹೆಂಡತಿ ಬೇರೆಯಾದರೆ ಅಷ್ಟೇ, ಬಾಗಿಲು ಮುಚ್ಚಿತು ಅಂತ ಊರೆಲ್ಲ ಹೇಳುತ್ತಿತ್ತು. ಬೇರೆಯಾದವನು ಇನ್ನೊಂದು ಮದುವೆ ಆಗದೆ ಇದ್ದರೆ ಪಾಪನಿವೇದನೆ ಮಾಡಿ ಪ್ರಸಾದ ತೆಗೆದುಕೊಳ್ಳಲು ಏನೂ ಅಡ್ಡಿಯಿಲ್ಲವಂತೆ. ಒಬ್ಬರಾದರೂ ಹೇಳಬಾರದಿತ್ತಾ?

ಅತ್ತೂರು ಜಾತ್ರೆಯವ:
ಕೇಸಿನವರೇ, ನೀವು ಕಾಗದದಿಂದ ಶುರು ಮಾಡಿದ್ದಕ್ಕೇ ಅಷ್ಟು ಕಷ್ಟ. ಮನಸ್ಸು ಮೊದಲು ತಿರುಗಬೇಕು. ನಾನು ಕಾರ್ಕಳದ ಕಡೆಯವ, ಪಾಪನಿವೇದನೆಗೆ ನಾವು ಕೊಂಕಣಿಯಲ್ಲಿ ಕುಮ್ಸಾರ್ ಅನ್ನುತ್ತೇವೆ. ಕುವೈತಿನಲ್ಲಿದ್ದೆ, ಅಲ್ಲಿ ಕುಡಿಯಲು ಸಿಗುವುದಿಲ್ಲ ಅನ್ನುತ್ತಾರೆ, ಹುಡುಕುವವನಿಗೆ ಎಲ್ಲ ಸಿಗುತ್ತದೆ. ಕೆಲಸ ಹೋಯಿತು, ಬಾಕಿ ಸಂಬಳ ಬರಲಿಲ್ಲ, ಟಿಕೆಟಿಗೆ 18,000 ಹೆಂಡತಿಯ ಬಳೆ ಅಡವಿಟ್ಟು ಕಳಿಸಿದಳು. ಬಂದ ಮೇಲೆ ಅವಳೇ ಹಠ ಮಾಡಿ ಕೇರಳದ ಚಾಲಕುಡಿ ಹತ್ತಿರದ ಮುರಿಂಗೂರಿಗೆ ಕರೆದುಕೊಂಡು ಹೋದಳು, ಡಿವೈನ್ ಧ್ಯಾನಕೇಂದ್ರಕ್ಕೆ. ಭಾನುವಾರ ಹೋದರೆ ಶುಕ್ರವಾರ ಬರುವುದು. ಮೊದಲ ಎರಡು ದಿನ ಕೈ ನಡುಗಿ ಊಟದ ತಟ್ಟೆ ಹಿಡಿಯಲು ಆಗಲಿಲ್ಲ. ಕುಮ್ಸಾರಿಗೆ ನಿಂತಾಗ ಬಾಯಿಂದ ಮಾತೇ ಬರಲಿಲ್ಲ. ಆ ಫಾದರ್ ಅವಸರ ಮಾಡಲಿಲ್ಲ. ನಾನು ಅತ್ತು ಮುಗಿಸುವ ತನಕ ಕಾದು ಆಮೇಲೆ ಪಾಪಕ್ಷಮೆಯ ಮಾತು ಹೇಳಿದರು. ದಿನಾ ಮೂರು ಗಂಟೆಗೆ ಸಂತ ಫೌಸ್ತಿನಾರ ದೈವಕರುಣೆಯ ಜಪಸರ ಹೇಳುತ್ತೇನೆ, ರಿಕ್ಷಾ ಓಡಿಸುವಾಗಲೂ ಬದಿಗೆ ನಿಲ್ಲಿಸಿ.

ಎಲ್ಲಾ ಸರಿ ಹೋಯಿತು ಅಂತಲೂ ಅಲ್ಲ. ತಂಗಿಯ ರೋಸ್ (ಮದುವೆಗೆ ಮುಂಚಿನ ಶಾಸ್ತ್ರ) ದಿನ ಮತ್ತೆ ಕುಡಿದೆ. ಇಡೀ ಮನೆಯ ಸಂಭ್ರಮ ಹಾಳಾಯಿತು. ಮತ್ತೆ ಕುಮ್ಸಾರ್. ನಮ್ಮ ಚರ್ಚಿನ ವಿಗಾರರು (ಮುಖ್ಯ ಫಾದರ್) ಬೈಯುತ್ತಾರೆ ಅಂದುಕೊಂಡಿದ್ದೆ, "ಮತ್ತೆ ಬಂದೆಯಲ್ಲ, ಅದು ಸಾಕು" ಅಂದರು. ಕ್ಷಮಿಸಿ ದೇವರಿಗೆ ಸುಸ್ತಾಗುವುದಿಲ್ಲ, ಕೇಳಿ ಕೇಳಿ ನಮಗೇ ಸುಸ್ತಾಗುತ್ತದೆ ಅಂತ ಪೋಪ್ ಫ್ರಾನ್ಸಿಸ್ 2013ರಲ್ಲಿ ಪೋಪ್ ಆದ ವಾರವೇ ಹೇಳಿದ್ದರು. ನನ್ನಂಥವನಿಗೇ ಹೇಳಿದ ಮಾತು ಅದು.

ಕೇಸ್ ಮುಗಿಸಿದವನು:
ಧ್ಯಾನಕೂಟದಲ್ಲಿ ಕಣ್ಣೀರು ಎಲ್ಲರಿಗೂ ಬರುತ್ತದೆ ಬ್ರದರ್. ಹಾಡು, ಮೈಕು, ಪಕ್ಕದವನೂ ಅಳುತ್ತಿರುತ್ತಾನೆ. ನಮ್ಮ ಅತ್ತಿಗೆ ಒಂದು ಕೇಂದ್ರಕ್ಕೆ ಹೋಗಿ ಬಂದು ಮಾತ್ರೆ ಬಿಟ್ಟರು, ದೇವರು ಗುಣ ಮಾಡಿದ್ದಾರೆ ಅಂತ. ಬಿಪಿ ಏರಿ ಐಸಿಯುಗೆ 1,40,000 ಬಿಲ್ಲು. ಅದನ್ನು ಕಟ್ಟಿದವನು ನಾನು.

ಅತ್ತೂರು ಜಾತ್ರೆಯವ:
ಮಾತ್ರೆ ಬಿಡಿ ಅಂತ ನಾನೆಲ್ಲಿ ಹೇಳಿದೆ? ನಾನು ಇವತ್ತಿಗೂ ಡಾಕ್ಟರ ಹತ್ತಿರ ಹೋಗುತ್ತೇನೆ, ಲಿವರ್ ಮಾತ್ರೆಗೇ ತಿಂಗಳಿಗೆ 1,600 ಆಗುತ್ತದೆ. ನಿಮ್ಮ ಅತ್ತಿಗೆ ಮಾಡಿದ್ದಕ್ಕೆ ನನ್ನ ಕಣ್ಣೀರನ್ನು ಸುಳ್ಳು ಅನ್ನಬೇಡಿ. ನನ್ನ ಮಕ್ಕಳು ಈಗ ನಾನು ಮನೆಗೆ ಬಂದರೆ ಓಡಿಹೋಗುವುದಿಲ್ಲ. ಅದಕ್ಕಿಂತ ದೊಡ್ಡ ತೀರ್ಪು ಯಾವ ಪೀಠ ಕೊಡುತ್ತದೆ?

ಹೆಸರು ಬೇಡ:
ಇಲ್ಲಿ ಬರೆಯಬೇಕೋ ಬೇಡವೋ ಅಂತ ತುಂಬಾ ಯೋಚಿಸಿದೆ. 2008ರಲ್ಲಿ ನನಗೆ ಗರ್ಭಪಾತ ಮಾಡಿಸಿದರು. ಮಾಡಿಸಿದರು ಅಂತಲೇ ಬರೆಯುತ್ತೇನೆ, ಅತ್ತೆ ಮನೆಯವರು ತವರಿಗೆ ಅಟ್ಟುತ್ತೇವೆ ಅಂದಿದ್ದರು, ಕೈಯಲ್ಲಿ ಹಾಲು ಕುಡಿಯುವ ಕೂಸು ಬೇರೆ. ಮಾರನೇ ವರ್ಷ ತಪಸ್ಸುಕಾಲದಲ್ಲಿ ಪಾಪನಿವೇದನೆಗೆ ಹೋದೆ. ಫಾದರ್ ಒಳ್ಳೆಯವರೇ, ದನಿ ಎತ್ತಲಿಲ್ಲ. ಇದನ್ನು ಬಿಡಿಸುವ ಅಧಿಕಾರ ನನಗಿಲ್ಲ, ಬಿಷಪರ ಅನುಮತಿ ಕೇಳಬೇಕು, ಮುಂದಿನ ವಾರ ಬಾಮ್ಮಾ ಅಂದರು. ಬಿಷಪರ ತನಕ ಹೋಗುವ ಪಾಪವಾ ಅಂತ ಎದೆ ಒಡೆಯಿತು. ಮುಂದಿನ ವಾರ ಹೋಗಲಿಲ್ಲ. ಯಾವ ವಾರವೂ ಹೋಗಲಿಲ್ಲ.

2015ರ ಡಿಸೆಂಬರ್‌ನಿಂದ ಕರುಣೆಯ ಜುಬಿಲಿ ವರ್ಷ ಅಂತ ಪೋಪ್ ಘೋಷಿಸಿದರಲ್ಲ, ಆಗ ನಾವು ಪುಣೆಯಲ್ಲಿದ್ದೆವು. ಆ ವರ್ಷ ಎಲ್ಲ ಗುರುಗಳೂ ಈ ಪಾಪವನ್ನು ಕ್ಷಮಿಸಬಹುದು ಅಂತ ಪ್ರಸಂಗದಲ್ಲಿ ಹೇಳಿದರು. ಪೂಜೆ ಮುಗಿದ ಮೇಲೂ ನಾನು ಏಳಲಿಲ್ಲ. ಜುಬಿಲಿ ವರ್ಷ ಮುಗಿಯುವಾಗ, 2016ರ ನವೆಂಬರ್‌ನಲ್ಲಿ, ಆ ಅಧಿಕಾರವನ್ನು ಎಲ್ಲ ಗುರುಗಳಿಗೂ ಕಾಯಂ ಮಾಡಿದರು. ಈಗ ಯಾರೂ ಬಿಷಪರ ತನಕ ಹೋಗಬೇಕಿಲ್ಲ, ಇದನ್ನು ಓದುವ ಹೆಣ್ಣುಮಕ್ಕಳಿಗೆ ಗೊತ್ತಿರಲಿ.

ಪುಣೆಯ ಫಾದರ್ ಇನ್ನೊಂದು ಮಾತು ಹೇಳಿದರು. ಅಷ್ಟು ಹೆದರಿಸಿ ಮಾಡಿಸಿದ್ದಾದರೆ, ಗರ್ಭಪಾತಕ್ಕೆ ಧರ್ಮಸಭೆಯಲ್ಲಿ ತನ್ನಿಂದ ತಾನೇ ಬೀಳುವ ಬಹಿಷ್ಕಾರದ ಶಿಕ್ಷೆ ನಿಮಗೆ ಬಿದ್ದಿರಲೇ ಇಲ್ಲ, ಮೊದಲೇ ಯಾರಾದರೂ ಸರಿಯಾಗಿ ಕೇಳಿದ್ದರೆ ಸಾಕಿತ್ತು ಅಂದರು. ಅವತ್ತು ಕ್ಷಮೆ ಸಿಕ್ಕಿತು. ಅದರ ಖುಷಿಯೂ ಆ ವರ್ಷಗಳು ಸುಮ್ನೆ ಹೋದ ಸಂಕಟವೂ ಒಟ್ಟಿಗೇ ಬಂದವು. ಮಗುವಿಗೆ ಒಂದು ಹೆಸರಿಟ್ಟಿದ್ದೇನೆ. ಸತ್ತವರನ್ನು ನೆನೆಯುವ ದಿನ, ನವೆಂಬರ್ 2ರಂದು, ಆ ಹೆಸರಿನಲ್ಲಿ ಪೂಜೆ ಹೇಳಿಸುತ್ತೇನೆ.

ನಿಯಮ ಪಾಲಕ:
ಎಲ್ಲರ ನೋವಿಗೂ ಗೌರವ ಇದೆ. ಆದರೆ ಇತ್ತೀಚೆಗೆ ಕರುಣೆ ಅನ್ನುವ ಹೆಸರಲ್ಲಿ ಎಲ್ಲ ಸಡಿಲ ಆಗುತ್ತಿದೆ. ಪ್ರಶ್ನೆ ಕೇಳಿದ ತಂಗಿಗೂ ಗಂಡನೂ ಬೇಕು, ಪರಮಪ್ರಸಾದವೂ ಬೇಕು. 1998ರಲ್ಲಿ ನಾನೂ ಒಬ್ಬ ಹುಡುಗಿಯನ್ನು ಇಷ್ಟಪಟ್ಟಿದ್ದೆ, ನಮ್ಮವಳಲ್ಲ. ಅವರ ಮನೆಯವರು ಚರ್ಚಿನ ಮದುವೆಗೆ ಒಪ್ಪಲಿಲ್ಲ. ರಿಜಿಸ್ಟರ್ ಆಗೋಣ ಅಂತ ಅವಳು ಎಷ್ಟು ಬೇಡಿಕೊಂಡಳು. ನಾನು ಧರ್ಮಸಭೆಯ ಮಾತು ಮೀರಲಿಲ್ಲ. ಬಿಟ್ಟುಕೊಟ್ಟೆ. ಅದಕ್ಕೆ ನಾನು ಕೊಟ್ಟ ಬೆಲೆ ನನಗೇ ಗೊತ್ತು, ಇಲ್ಲಿ ಬರೆಯುವುದಿಲ್ಲ. ಈಗ ಮೀರಿದವರಿಗೂ ಮೀರದವರಿಗೂ ಒಂದೇ ಪಂಕ್ತಿ ಅಂದರೆ ನಾವು ಮಾಡಿದ್ದಕ್ಕೆ ಅರ್ಥ ಏನು?

ಕೋಲಾರದ ಅಕ್ಕ:
ಅಣ್ಣಾ, ಬೈಬಲಿನ ಲೂಕ 15ರ ದುಂದುಗಾರ ಮಗನ ಸಾಮತಿ ಕಥೆಯಲ್ಲಿ, ಆಸ್ತಿ ಹಾಳುಮಾಡಿ ವಾಪಸ್ ಬಂದ ತಮ್ಮನಿಗೆ ಅಪ್ಪ ಔತಣ ಮಾಡಿದ ಅಂತ ಹೊರಗೆ ನಿಂತು ಒಳಗೆ ಬರಲ್ಲ ಅನ್ನುವ ದೊಡ್ಡ ಮಗ ನೀವೇ. ಆ ಹೆಣ್ಣುಮಗಳು ಇಷ್ಟು ಬರೆದ ಮೇಲೆ ಅದರ ಕೆಳಗೇ ಬಂದು ಸಡಿಲ ಗಿಡಿಲ ಅನ್ನುವುದಕ್ಕೆ ಮನಸ್ಸಾದರೂ ಹೇಗೆ ಬಂತು?

ನಿಯಮ ಪಾಲಕ:
ಅವರಿಗೆ ನಾನು ಒಂದು ಮಾತೂ ಹೇಳಿಲ್ಲ, ತಿರುಗಿ ಓದಿ. ಇನ್ನು ದೊಡ್ಡ ಮಗನ ವಿಷಯ. ತಂದೆ ಅವನಿಗೋಸ್ಕರವೂ ಹೊರಗೆ ಬಂದು ಬೇಡಿಕೊಂಡ. ನನ್ನದೆಲ್ಲ ನಿನ್ನದೇ ಅಂದ. ಆ ಭಾಗವನ್ನು ನೀವು ಯಾರೂ ಓದುವುದಿಲ್ಲ. ಉಳಿದುಕೊಂಡವರಿಗೂ ಒಂದು ಒಳ್ಳೆಯ ಮಾತು ಬೇಕಾಗುತ್ತದೆ ಅಕ್ಕ.

ಹೆಸರು ಬೇಡ:
ಅವರನ್ನು ಬಿಡಿ ಅಕ್ಕ. ಅವರಿಗೂ ನೋವಿದೆ.

ನೇರ ಮಾತಿನವನು:
ನಾನು ಹುಟ್ಟು ಕಥೋಲಿಕ, ಈಗ ಪ್ರಾರ್ಥನಾ ಸಭೆಗೆ ಹೋಗುತ್ತೇನೆ. ಇಷ್ಟೆಲ್ಲ ಫೀಸು, ಪೀಠ, ಬಿಷಪ್ ಯಾಕೆ? ಮನೆಯಲ್ಲಿ ಮಂಡಿಯೂರಿ ಯೇಸುವಿಗೆ ಹೇಳಿ, ಮುಗಿಯಿತು. ನಾನು ಹುಡುಗನಾಗಿದ್ದಾಗ ಪಾಪನಿವೇದನೆಯಲ್ಲಿ ಹೇಳಿದ್ದು ಮನೆಗೆ ಗೊತ್ತಾಗಿ ಏಟು ತಿಂದಿದ್ದೇನೆ. ಆವತ್ತೇ ನಂಬಿಕೆ ಹೋಯಿತು.

ಕೇಸ್ ಮುಗಿಸಿದವನು:
ನಿಮಗೆ ಹಾಗಾಗಿದ್ದರೆ ಅದು ಘೋರ ತಪ್ಪು. ಗುರುಗಳು ಪಾಪನಿವೇದನೆಯ ಗುಟ್ಟು ನೇರವಾಗಿ ಬಯಲು ಮಾಡಿದರೆ ಅವರಿಗೇ ಬಹಿಷ್ಕಾರ ಬೀಳುತ್ತದೆ, ಅದನ್ನು ತೆಗೆಯುವ ಅಧಿಕಾರ ರೋಮಿಗೆ ಮಾತ್ರ. ಆದರೆ ನೇರವಾಗಿ ಹೇಳಿದರೆ ಸಾಕು ಅನ್ನುವುದನ್ನು ಒಪ್ಪಲ್ಲ. ಯೊವಾನ್ನ 20ರಲ್ಲಿ ಪುನರುತ್ಥಾನದ ದಿನವೇ ಯೇಸು ಶಿಷ್ಯರ ಮೇಲೆ ಉಸಿರೂದಿ ಪಾಪ ಕ್ಷಮಿಸುವ ಅಧಿಕಾರ ಕೊಟ್ಟರು. ಮನೆಯಲ್ಲಿ ನಾನೂ ತುಂಬಾ ಸಲ ಹೇಳಿಕೊಂಡೆ. ಕ್ಷಮಿಸಿದ್ದೇನೆ ಅನ್ನುವ ಮಾತು ಕಿವಿಗೆ ಬೀಳುವುದು ಬೇರೆಯೇ.

ನೇರ ಮಾತಿನವನು:
ಕಿವಿಗೆ ಬಿದ್ದಿದ್ದು ಯಾವ ಭಾಷೆಯಲ್ಲಿ ಅಂತಲೂ ಹೇಳಿ. ಬೆಂಗಳೂರಲ್ಲಿ ಕನ್ನಡದಲ್ಲಿ ಪಾಪ ಹೇಳಿಕೊಳ್ಳಲು ಫಾದರ್ ಸಿಗುತ್ತಾರಾ?

ಹಳೇ ಬೆಂಗಳೂರಿನವ:
ಇದಕ್ಕೆ ಉತ್ತರ ನಾನು ಕೊಡುತ್ತೇನೆ. 1960ರ ದಶಕದಲ್ಲಿ ಲೋಕದ ಬಿಷಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆಯಲ್ಲಿ ಲ್ಯಾಟಿನ್ ಹೋಗಿ ಜನರ ಭಾಷೆ ಬಂತು, ಅವತ್ತಿಂದ ಯಾರ ಭಾಷೆ ಅಂತ ಇಲ್ಲಿ ಜಗಳ. ನನ್ನ ಅಜ್ಜಿ ಸಾಯುವ ಮುಂಚೆ ಪಾಪನಿವೇದನೆ ಮಾಡಬೇಕು ಅಂದರು, ಬಂದ ಫಾದರಿಗೆ ಕನ್ನಡ ಅಷ್ಟಕ್ಕಷ್ಟೇ. ಅಜ್ಜಿ ಹೇಳಿದ್ದು ಅವರಿಗೆ ತಿಳಿಯಿತೋ ಇಲ್ಲವೋ ಅಂತ ನಮ್ಮಪ್ಪ ಕೊನೆಯ ತನಕ ಕೊರಗಿದರು. ಕನ್ನಡ ಪೂಜೆಗೆ ಬೆಳಗಿನ ಜಾವದ ಹೊತ್ತು, ಒಳ್ಳೆಯ ಹೊತ್ತೆಲ್ಲ ಬೇರೆ ಭಾಷೆಗೆ. ಇದನ್ನು ಕೇಳಿದರೆ ನಾವು ಜಗಳಗಂಟರು.

ಅತ್ತೂರು ಜಾತ್ರೆಯವ:
ಶುರುವಾಯಿತು! ಇನ್ನು ಕೊಂಕಣಿಯವರೇ ಎಲ್ಲ ಹಾಳು ಮಾಡಿದ್ದು ಅನ್ನುತ್ತೀರಿ.

ಹಳೇ ಬೆಂಗಳೂರಿನವ:
ನಾನು ಅನ್ನಲಿಲ್ಲ, ನೀವೇ ಅಂದಿರಿ. ನಿಮ್ಮ ಊರಲ್ಲಿ ನಿಮ್ಮ ಭಾಷೆಯಲ್ಲಿ ಕುಮ್ಸಾರ್ ಸಿಗುತ್ತದೆ, ನನ್ನ ಊರಲ್ಲಿ ನನ್ನ ಭಾಷೆಯಲ್ಲಿ ಸಿಗಲಿ ಅನ್ನುವುದು ತಪ್ಪಾ?

ಶಿವಾಜಿನಗರ ತಮಿಳ:
ನಮ್ಮ ತಾತನ ಕಾಲದಿಂದ ನಾವೂ ಇಲ್ಲೇ ಇದ್ದೇವೆ ಸಾರ್. ಇದನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ ನೋಡಿ. ನಮ್ಮ ಅಜ್ಜಿಯೂ ಸತ್ತರು, ಅವರಿಗೂ ತಮಿಳಲ್ಲೇ ಹೇಳಿಕೊಳ್ಳಬೇಕಿತ್ತು. ಸಾಯುವವರ ಭಾಷೆಗೆ ಜಗಳ ಯಾಕೆ?

ಮಂಡ್ಯದ ಸೊಸೆ:
ಪ್ರಶ್ನೆ ಕೇಳಿದವರನ್ನೇ ಎಲ್ಲರೂ ಮರೆತಿರಿ. ನನ್ನದು ಹೆಚ್ಚು ಕಡಿಮೆ ಇದೇ ಕಥೆ, ಅದಕ್ಕೆ ಬರೆಯುತ್ತೇನೆ. ನಮ್ಮದೂ ರಿಜಿಸ್ಟರ್ ಮದುವೆ, ನಮ್ಮವರು ಗೌಡರು. ಎರಡನೇ ಸಲ ಮದುವೆ ಅಂದರೆ ನಮ್ಮತ್ತೆ ಮುಂದೆ ತಲೆ ಎತ್ತಲು ಆಗುತ್ತಾ ಅಂತ ಅವರದೂ ಇದೇ ಮಾತು. ನಾನು ಮೊದಲು ಪಾಪನಿವೇದನೆಗೇ ಹೋದೆ. ಫಾದರ್ ಪಾಪಕ್ಷಮೆ ಅವತ್ತೇ ಕೊಡಲಿಲ್ಲ, ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಕೊಟ್ಟರು. ಬೀದಿಯಲ್ಲಿ ಅಳುತ್ತಾ ಬಂದೆ. ಆದರೆ ಅವರು ಫೋನ್ ನಂಬರ್ ಕೇಳಿದ್ದರು, ಮಾರನೇ ದಿನ ಅವರೇ ಫೋನ್ ಮಾಡಿದರು.

ಗಂಡ ಬಂದು ಪೀಠದ ಮುಂದೆ ನಿಲ್ಲುವುದೇ ಬೇಡ ಅನ್ನುವ ದಾರಿಯೊಂದಿದೆ. ಮದುವೆಯನ್ನು ಬುಡದಿಂದಲೇ ಸಿಂಧು ಮಾಡುವುದು, ಲ್ಯಾಟಿನ್‌ನಲ್ಲಿ ಸನಾಸಿಯೊ ಇನ್ ರಾದಿಚೆ ಅನ್ನುತ್ತಾರೆ. ನೀವಿಬ್ಬರೂ ಅವತ್ತು ರಿಜಿಸ್ಟ್ರಾರ್ ಮುಂದೆ ಕೊಟ್ಟ ಒಪ್ಪಿಗೆ ಇವತ್ತಿಗೂ ಹಾಗೇ ಇದ್ದರೆ ಬಿಷಪರು ಅದನ್ನೇ ಎತ್ತಿಹಿಡಿದು ಸರಿಮಾಡುತ್ತಾರೆ. ಇನ್ನೊಂದು ಸಲ ಹೂಂ ಅನ್ನಬೇಕಿಲ್ಲ. ಬೇರೆ ಧರ್ಮದವರು ಅನ್ನುವ ಅಡ್ಡಿಗೂ ಅದರಲ್ಲೇ ವಿನಾಯಿತಿ. ಕಥೋಲಿಕರಾದ ನಾವು ಮಾತ್ರ, ನಮ್ಮ ನಂಬಿಕೆ ಬಿಡಲ್ಲ, ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸಲು ಕೈಲಾದಷ್ಟು ಪ್ರಯತ್ನ ಪಡುತ್ತೇವೆ ಅಂತ ಮಾತು ಕೊಡಬೇಕು. ಇದು ಗಂಡನಿಗೆ ತಿಳಿದಿರಬೇಕು. ನಮ್ಮ ಮನೆಯಲ್ಲಿ ಜಗಳ ಆಗಿದ್ದು ಈ ಒಂದು ಸಾಲಿಗೇ. ಮಗಳಿಗೆ ಆಗಲೇ ಮನೆದೇವರ ಹತ್ತಿರ ಮುಡಿ ಕೊಟ್ಟಾಗಿತ್ತು. ನಮ್ಮವರು ಹದಿನೈದು ದಿನ ಮಾತು ಬಿಟ್ಟರು. ಆಮೇಲೆ ತಾವಾಗೇ ಬಂದು, ನೀನು ಪ್ರಯತ್ನ ಪಡು, ನಾನು ತಡೆಯಲ್ಲ, ಆದರೆ ನಾನು ಸೈನ್ ಹಾಕಲ್ಲ ಅಂದರು. ಫಾದರ್ ಮನೆಗೆ ಬಂದು ಅವರ ಬಾಯಲ್ಲೇ ಕೇಳಿಸಿಕೊಂಡು ಹೋಗಿ ವರದಿ ಬರೆದರು.

ಖರ್ಚು ಅಂದರೆ, ದೀಕ್ಷಾಸ್ನಾನದ ಹೊಸ ಪ್ರತಿಗೆ ಊರಿಗೆ ಓಡಾಟ. ಹಳೇ ಪ್ರತಿ ನಡೆಯಲ್ಲ, ಇತ್ತೀಚೆಗೆ ಬರೆಸಿದ್ದೇ ಬೇಕು ಅಂದರು. ಊರಲ್ಲಿ ನನ್ನ ಹೆಸರು ರಿಜಿಸ್ಟರಿನಲ್ಲಿ ಬೇರೆ ತರ ಬರೆದಿತ್ತು, ಅದಕ್ಕೊಂದು ಅಫಿಡವಿಟ್, ನೋಟರಿಗೆ 300. ಬಸ್ಸು, ಜೆರಾಕ್ಸು ಎಲ್ಲ ಸೇರಿ 2,000 ದಾಟಲಿಲ್ಲ. ಚರ್ಚಿನಲ್ಲಿ ದುಡ್ಡು ಕೇಳಲಿಲ್ಲ. ಬಿಷಪರ ಪತ್ರ ಬಂದ ಸಂಜೆಯೇ ಅದೇ ಫಾದರ್ ಪಾಪಕ್ಷಮೆ ಕೊಟ್ಟರು.

ಕೇಸ್ ಮುಗಿಸಿದವನು:
ನೋಡಿದಿರಾ, ಕಾಗದ ಮೊದಲು ಅಂತ ನಾನು ಹೇಳಿದ್ದೇ ನಿಜವಾಯಿತು.

ಮಂಡ್ಯದ ಸೊಸೆ:
ಇಲ್ಲ ಅಣ್ಣ. ಮೊದಲು ಹೋಗಿ ಕೂತು ಹೇಳದೇ ಇದ್ದಿದ್ದರೆ ಇಂಥ ಕಾಗದ ಇದೆ ಅಂತಲೇ ನನಗೆ ಗೊತ್ತಾಗುತ್ತಿರಲಿಲ್ಲ.

ಕಪಿಲೆ ತೀರದವಳು:
ಎಲ್ಲರಿಗೂ ವಂದನೆ. ಮಂಡ್ಯದ ಅಕ್ಕ, ನೀವು ಹೇಳಿದ್ದನ್ನು ರಾತ್ರಿ ಇವರಿಗೆ ಓದಿ ಹೇಳಿದೆ. "ಹಾಗಾದ್ರೆ ನಮ್ಮ ಮದುವೆನ ಒಪ್ಪಿಕೊಂಡ ಹಾಗಲ್ವಾ?" ಅಂದರು. ಬೇಕಿದ್ದರೆ ಫಾದರ್ ಮನೆಗೆ ಬರಲಿ, ಕಾಫಿ ಕೊಡೋಣ ಅಂದರು. ಒಂದು ಅನುಮಾನ. ಅರ್ಜಿ ಊರಿನ ಚರ್ಚಿನಲ್ಲಿ ಕೊಡಬೇಕಾ, ಈಗ ನಾವಿರುವ ಕಡೆಯದಾ?

ಮಂಡ್ಯದ ಸೊಸೆ:
ನಾನು ಕೊಟ್ಟಿದ್ದು ಈಗ ವಾಸ ಇರುವ ಧರ್ಮಕೇಂದ್ರದಲ್ಲಿ. ಊರಿನಿಂದ ದೀಕ್ಷಾಸ್ನಾನದ ಪತ್ರ ಮಾತ್ರ ಬೇಕು. ತಮ್ಮಂದಿರು ಊರಲ್ಲಿದ್ದರೆ ಅವರಿಗೆ ಹೇಳಿ ತರಿಸಿಕೊಳ್ಳಿ. ನಿಮ್ಮ ಹೆಸರಿನ ಅಕ್ಷರ ಆಧಾರ್‌ನಲ್ಲಿ ಇದ್ದ ಹಾಗೇ ಇದೆಯಾ ಅಂತ ಅಲ್ಲೇ ನೋಡಲು ಹೇಳಿ.

ಹಳೇ ಬೆಂಗಳೂರಿನವ:
ಆ ಫಾದರಿಗೆ ಕನ್ನಡ ಬರುತ್ತದಾ ಅಂತಲೂ ಕೇಳಿಕೊಳ್ಳಿ.

ಅತ್ತೂರು ಜಾತ್ರೆಯವ:
ಇವರು ಬಿಡುವುದೇ ಇಲ್ಲ!